ನಿಂಬೆ ಗಿಡದ ಕೈಗಳು

ಹೋದ ಡಿಸೆಂಬರಿನಲ್ಲಿ ಜವರಮ್ಮ ಮೊದಲು ಹೆದರಿದ್ದು ಮೊಬೈಲ್ ಹಿಡಿದು ಬೈಕಿನಲ್ಲಿ ತಿರುಗುವ ಹುಡುಗರಿಗೆ. ಅವರ ಕಣ್ಣಿಗೆ ಬೀಳಬಾರದು ಅಂತ ಒಂದು ಉಪಾಯ ಮಾಡಿದಳು. ಆ ಉಪಾಯವೇ ಅವಳನ್ನು ಅದಕ್ಕಿಂತ ಹಳೆಯ ಹೆದರಿಕೆಯೊಂದರ ಬಾಯಿಗೆ ತಂದು ಹಾಕಿತು. ಇವತ್ತಿಗೂ ಅದರೊಳಗಿಂದ ಅವಳು ಈಚೆ ಬಂದಿಲ್ಲ.

ಅವಳ ಊರು ಬುಕ್ಕಾಂಬುಧಿ ಕೆರೆಯಿಂದ ಆಚೆಗಿದೆ. ಹೆಸರು ಬೇಡ, ಅವಳು ಅಲ್ಲೇ ಬದುಕಬೇಕು. ಗಂಡ ಗಿರಿಯಪ್ಪ ನಮ್ಮ ದಲಿತ ಚಳವಳಿಯ ಆಳು. ಗೋಮಾಳದ ಜಾಗಕ್ಕಾಗಿ ಅಮಲ್ದಾರ್ ಕಚೇರಿ ಮುಂದೆ ಮಲಗಿದವನು, ಲಾಠಿ ಏಟು ತಿಂದವನು, ಕೊನೆಗೆ ಬೀಡಿ ಸೇದಿ ಸೇದಿ ಎದೆ ಸುಟ್ಟುಕೊಂಡು ಸತ್ತವನು. ಬೌದ್ಧರಾದ ಹೊಸದರಲ್ಲಿ ಒಂದು ದಿನ ಬಾಗಿಲಿಗೆ ಕಟ್ಟಿದ್ದ ಬೂದುಗುಂಬಳ, ಮಕ್ಕಳ ಕೊರಳಿನ ತಾಯಿತ, ಗೂಡಿನಲ್ಲಿದ್ದ ಪಟಗಳು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕೆರೆಗೆ ಎಸೆದು ಬಂದ. ಜವರಮ್ಮ ಆವತ್ತು ನಡುಗಿದ್ದಳು. ಏನೂ ಆಗಲಿಲ್ಲ. ಮಕ್ಕಳು ಬೆಳೆದವು, ಎಮ್ಮೆ ಈದಿತು, ಹೊಲ ತನ್ನ ಪಾಡಿಗೆ ತಾನು ಬೆಳೆಯಿತು. ಮಾಟ, ಮದ್ದು, ದೃಷ್ಟಿ ಅನ್ನುವ ಮಾತುಗಳು ಆ ಮನೆಯಲ್ಲಿ ನಿಂತೇ ಹೋದವು. ಮನೆಯಲ್ಲಿ ನಿಂತಿದ್ದು ಊರಲ್ಲೂ ನಿಂತಿದೆ ಅಂದುಕೊಂಡುಬಿಟ್ಟಳು. ಅವಳೊಬ್ಬಳೇ ಅಲ್ಲ, ನಾವೂ ಹಾಗೇ ಅಂದುಕೊಂಡಿದ್ದೆವು.

ಗಿರಿಯಪ್ಪ ಹೋದ ಮೇಲೆ ಅವಳು ತರೀಕೆರೆಯ ಒಂದು ಕಾನ್ವೆಂಟಿನಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಎಲ್‌ಕೆಜಿ ಮಕ್ಕಳ ಮೂಗು ಒರೆಸುವುದು, ಚಡ್ಡಿ ಬದಲಿಸುವುದು, ಊಟದ ಡಬ್ಬಿ ಬಿಚ್ಚಿಕೊಡುವುದು. ಡಿಸೆಂಬರ್ ಬಂತೆಂದರೆ ಇನ್ನೊಂದು ಕೆಲಸ. ಮೈದಾಹಿಟ್ಟಿಗೆ ಅದರರ್ಧ ಉಪ್ಪು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಬೇಕು. ರೊಟ್ಟಿಯಷ್ಟು ದಪ್ಪಕ್ಕೆ ತಟ್ಟಿ, ಒಂದೊಂದು ಮಗುವನ್ನೂ ಕರೆದು ಅಂಗೈ ಊರಿಸಿ ಒತ್ತಬೇಕು. ಅಚ್ಚು ಬಿದ್ದ ಕೈಯ ಸುತ್ತ ಚಾಕುವಿನಿಂದ ಕತ್ತರಿಸಿ, ಹಿಂದೆ ಹೆಸರು ಗೀಚಿ, ಮೇಲೊಂದು ತೂತು ಮಾಡಿ ಒಣಗಿಸಬೇಕು. ಬಣ್ಣ ಬಳಿದು ದಾರ ಹಾಕಿದರೆ ಕ್ರಿಸ್‌ಮಸ್ ಗಿಡಕ್ಕೆ ನೇತುಹಾಕುವ ಒಡವೆ ಆಯಿತು. ಹಬ್ಬ ಮುಗಿದ ಮೇಲೆ ಅದನ್ನು ಮನೆಗೆ ಕೊಟ್ಟು ಕಳಿಸುತ್ತಿದ್ದರು. ಮಗು ಬೆಳೆದು ಮೀಸೆ ಬಂದ ಮೇಲೂ ತಾಯಿ ಅದನ್ನು ಪೆಟ್ಟಿಗೆಯಿಂದ ತೆಗೆದು, ನನ್ನ ಮಗನ ಕೈ ಇಷ್ಟೇ ಇತ್ತಲ್ಲ ಅಂತ ನೋಡಲಿ ಅಂತ. ಹಿಂದೂ ಮಕ್ಕಳು, ಮುಸ್ಲಿಮರ ಮಕ್ಕಳು, ಎಲ್ಲರ ಕೈಗಳೂ ಆ ಗಿಡದಲ್ಲಿ ತೂಗುತ್ತಿದ್ದವು. ಹಿಟ್ಟು ನಾದುವುದರಲ್ಲಿ ಜವರಮ್ಮನ ಕೈ ಪಳಗಿತ್ತು. ಟೀಚರುಗಳು ಅವಳಿಗೇ ಬಿಟ್ಟುಬಿಟ್ಟಿದ್ದರು.

ಮಂಡಿ ಸೋತ ಮೇಲೆ ಕೆಲಸ ಬಿಟ್ಟು ಊರಿಗೆ ಬಂದಳು. ಅಡಿಕೆ ಸುಲಿಯುವ ಕಾಲದಲ್ಲಿ ಕಾಲೊನಿಯ ಹೆಂಗಸರೆಲ್ಲ ಬೆಳಿಗ್ಗೆಯೇ, ತೋಟದ ಫಸಲು ಗುತ್ತಿಗೆ ಹಿಡಿದ ಚೇಣಿಯವರ ಟೆಂಪೋ ಹತ್ತುತ್ತಾರೆ. ಸಣ್ಣ ಮಕ್ಕಳು ಜವರಮ್ಮನ ಅಂಗಳಕ್ಕೆ ಬಂದವು. ಮೇಲಿನ ಬೀದಿಯ ಪ್ರತಿಮಾ ಕೂಡ ಅದೇ ಟೆಂಪೋದಲ್ಲಿ ಹೋಗುತ್ತಿದ್ದಳು. ಅವಳ ಮಗಳು ಅನುಷಾಗೆ ಐದು ವರ್ಷ. ಅತ್ತೆ ಅಂಜಿನಮ್ಮನಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕುರಿ ಹಿಂದೆಯೇ ಆಗುತ್ತಿತ್ತು. ಮಗು ಅಂಗನವಾಡಿಯಲ್ಲಿದೆ ಅಂತ ಅತ್ತೆಗೆ ಹೇಳಿ, ಪ್ರತಿಮಾ ಅದನ್ನು ಕಾಲೊನಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಮೇಲಿನ ಬೀದಿಯ ಮಗು ಕಾಲೊನಿಯ ಮನೆಯಲ್ಲಿ ಕೂತು ಅನ್ನ ತಿನ್ನುವುದು ಯಾರಿಗೂ ಗೊತ್ತಾಗಬಾರದು ಅಂತ ಜವರಮ್ಮನಿಗೂ ಗೊತ್ತಿತ್ತು. ಹೆದರಿಕೆ ಅಲ್ಲೇ ಶುರುವಾಗಿತ್ತು ಅನ್ನಬಹುದು.

ಮಕ್ಕಳು ಒಂದು ಕಡೆ ಕೂರವು. ಕೆರೆ ಏರಿ ಕಡೆಗೆ ಓಡುತ್ತವೆ, ನೀರಿನ ಭಯ. ಡಿಸೆಂಬರಿನ ಗಾಳಿ ಬೀಸಿದಾಗ ಜವರಮ್ಮನಿಗೆ ಕೈಯಚ್ಚಿನ ನೆನಪು ಬಂತು. ಹಿಟ್ಟು ಕೊಟ್ಟರೆ ಕೂರುತ್ತವೆ, ಅಷ್ಟೇ ಅವಳ ಲೆಕ್ಕ. ಆದರೆ ಕ್ರಿಸ್‌ಮಸ್ ಅಂದರೆ ಈಗ ಸುಮ್ಮನೆ ಇಲ್ಲ. ಕಾಗದದ ನಕ್ಷತ್ರವೊಂದು ಕಂಡರೂ ಸಾಕು, ಹುಡುಗರು ಬೈಕಿನಲ್ಲಿ ಬಂದು ವಿಡಿಯೋ ಮಾಡುತ್ತಾರೆ, ಮಕ್ಕಳನ್ನು ಮತಾಂತರ ಮಾಡ್ತಾವ್ಳೆ ಅಂತಾರೆ, ಆಮೇಲೆ ಪೊಲೀಸು. ಕಡೂರು ಕಡೆ ಒಂದು ಊರಲ್ಲಿ ಹಾಗಾಯಿತಂತೆ ಅಂತ ತಮ್ಮನ ಮಗ ಶಿವಪ್ರಸಾದ್ ಹೇಳಿದ್ದ. ಅವನು ಲಗೇಜ್ ಆಟೋ ಓಡಿಸುತ್ತಾನೆ, ಊರೂರ ಸುದ್ದಿ ಅವನ ಬಾಯಲ್ಲಿರುತ್ತದೆ.

ಅದಕ್ಕೆ ಜವರಮ್ಮ ಯೋಚನೆ ಮಾಡಿದಳು. ನಕ್ಷತ್ರ ಬೇಡ. ಶಿಲುಬೆ ಬೇಡ. ಸರ್ವೆ ಮರದ ಕೊಂಬೆ ತಂದು ನೆಡುವುದು ಬೇಡ. ನೋಡಿದವರಿಗೆ ಇದು ನಮ್ಮದೇ ಪದ್ಧತಿ ಅನ್ನಿಸಬೇಕು. ಬಣ್ಣದ ಬದಲು ಅರಿಶಿನ, ಕುಂಕುಮ. ರಿಬ್ಬನ್ನಿನ ಬದಲು ಕೆಂಪು ದಾರ. ಗಿಡಕ್ಕೆ ಹಿತ್ತಲ ನಿಂಬೆ ಗಿಡವೇ ಇದೆ, ಮಕ್ಕಳ ಎತ್ತರಕ್ಕೆ ಸರಿಯಾಗಿದೆ, ಮುಳ್ಳಿಗೆ ದಾರ ಸಿಕ್ಕಿಸಿದರೆ ಬೀಳುವುದಿಲ್ಲ.

ಓದುವವರಿಗೆ ಇಷ್ಟೊತ್ತಿಗೆ ಎದೆ ಧಸಕ್ಕೆಂದಿರಬೇಕು. ಅವಳದು ಧಸಕ್ಕೆನ್ನಲಿಲ್ಲ. ಗಿರಿಯಪ್ಪ ಆ ಚೀಲವನ್ನು ಅಷ್ಟು ಚೆನ್ನಾಗಿ ಮುಳುಗಿಸಿದ್ದ.

ಹಿಟ್ಟು ನಾದಿದ ದಿನ ಅಂಗಳದಲ್ಲಿ ಜಾತ್ರೆಯಷ್ಟು ಗಲಾಟೆ. ಹೇಮಂತ್ ಅನ್ನುವ ಪೋರ ಇದನ್ನ ತಿನ್ಬೋದಾ ಅಜ್ಜಿ ಅಂತ ಕೇಳಿದ. ತಿನ್ನಪ್ಪ, ನಾಳೆ ಗಂಟ ಕೆರೆ ನೀರೆಲ್ಲ ನೀನೇ ಕುಡೀಬೇಕಾಯ್ತದೆ ಅಂದಳು. ಅವನು ನೆಕ್ಕಿ ನೋಡಿ ಮುಖ ಕಿವುಚಿ ಉಗಿದ. ಉಳಿದವೂ ಸಾಲಾಗಿ ನೆಕ್ಕಿ ಸಾಲಾಗಿ ಉಗಿದವು. ಅನುಷಾ ಇಡೀ ಮೈಭಾರ ಹಾಕಿ ಒತ್ತಿದ್ದರಿಂದ ಅವಳ ಅಚ್ಚು ತಳ ಕಾಣುವಷ್ಟು ತೆಳ್ಳಗಾಯಿತು. ಇನ್ನೊಂದು ಮಾಡಣ ಕಣೇ ಅಂದರೆ ಬೇಡ, ಇದೇ ನನ್ ಕೈ ಅಂತ ಹಠ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದನ್ನೇ ಕಾಯಿಸಿ, ಎರಡು ದಿನ ಬಿಸಿಲಿಗಿಟ್ಟು, ಅರಿಶಿನ ಕುಂಕುಮ ಕಲಸಿ ಬಳಿದದ್ದಾಯಿತು.

ನೇತುಹಾಕುವಾಗ ಅನುಷಾಗೆ ತನ್ನ ಕೈ ಎಲ್ಲರದಕ್ಕಿಂತ ಮೇಲಿರಬೇಕು. ಒಗೆಯುವ ಕಲ್ಲು ಹತ್ತಿ ತಾನೇ ಕಟ್ಟಲು ಹೋದಳು. ಬಲಗೈ ಹೆಬ್ಬೆರಳಿನ ಬುಡಕ್ಕೆ ಮುಳ್ಳು ನೆಟ್ಟಿತು. ಜವರಮ್ಮ ಬಳೆಯ ಪಿನ್ನು ತೆಗೆದು ಮುಳ್ಳು ಎತ್ತಿ, ಅರಿಶಿನ ಮೆತ್ತಿ, ಬಾಯಿಂದ ಊದಿದಳು. ಮಗು ಅಳಲೂ ಇಲ್ಲ, ಗಿಡದ ತುದಿ ನೋಡುತ್ತಲೇ ಇತ್ತು. ಎತ್ತಿದ ಮುಳ್ಳಿಗೆ ತುದಿ ಇತ್ತೋ ಇಲ್ಲವೋ ಜವರಮ್ಮ ನೋಡಲಿಲ್ಲ.

ಮಾರನೆಯ ದಿನ ಅಮಾವಾಸ್ಯೆ. ಅದೂ ಅವಳ ತಲೆಗೆ ಬರಲಿಲ್ಲ.

ಅಮಾವಾಸ್ಯೆ ದಿನ ಅನುಷಾ ಬರಲಿಲ್ಲ. ಮರುದಿನವೂ ಇಲ್ಲ. ಜ್ವರವಂತೆ ಅಂದರು ಟೆಂಪೋದ ಹೆಂಗಸರು. ಅದರ ಮಾರನೆಯ ಬೆಳಿಗ್ಗೆ ಶಿವಪ್ರಸಾದ್ ಓಡಿ ಬಂದ. ಮೇಲಿನ ಬೀದಿಯಲ್ಲಿ ಮಗು ಜ್ವರದಲ್ಲಿ ಬಡಬಡಿಸುತ್ತಿದೆಯಂತೆ. ಅಂಜಿನಮ್ಮ ಪಕ್ಕದಲ್ಲಿ ಕೂತು ಕೈ ಯಾಕೆ ಹಿಂಗೆ ಊದೈತೆ ಅಂತ ಕೇಳಿದ್ದಾಳೆ. ಅದಕ್ಕೆ ಮಗು ಅಂದದ್ದು ಬೀದಿಯಿಂದ ಬೀದಿಗೆ ಹೋಗಿ ಈಗ ಊರೆಲ್ಲ ತುಂಬಿತ್ತು.

"ಜವರಜ್ಜಿ ನನ್ ಕೈ ಮಾಡಿ ಗಿಡಕ್ಕೆ ನೇತಾಕವ್ಳೆ."

ಜವರಮ್ಮ ಹಿತ್ತಲಿಗೆ ಹೋಗಿ ನಿಂತಳು. ತಾನು ಕಟ್ಟಿದ್ದನ್ನೇ ಮೊದಲ ಸಲ ಊರಿನ ಕಣ್ಣಲ್ಲಿ ನೋಡಿದಳು. ಇಬ್ಬನಿಗೆ ಕುಂಕುಮ ಕರಗಿ ಬೆರಳ ತುದಿಯಿಂದ ಇಳಿದು ಒಣಗಿತ್ತು. ನಿಂಬೆ ಗಿಡದ ತುಂಬ ಮಕ್ಕಳ ಕೈಗಳು, ಕೆಂಪು ದಾರದಲ್ಲಿ, ಒಂದೊಂದರ ಬೆನ್ನಿಗೂ ಹೆಸರು. ಗಾಳಿಗೆ ಮೆಲ್ಲಗೆ ತಿರುಗುತ್ತಿದ್ದವು. ತುದಿಯಲ್ಲಿದ್ದ ಅನುಷಾಳ ಕೈ ಹೆಬ್ಬೆರಳಿನ ಬುಡದಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನ ತುಂಬ ಇರುವೆ.

ಅಲ್ಲೇ, ಮುಳ್ಳು ನೆಟ್ಟ ಜಾಗದಲ್ಲೇ. ತೆಳ್ಳಗಾದ ಹಿಟ್ಟು ಬಿರಿಯುತ್ತದೆ, ಸಕ್ಕರೆ ಅಂಟಿದ ಮಕ್ಕಳ ಬೆರಳು ಮುಟ್ಟಿದ ಕಡೆ ಇರುವೆ ಬರುತ್ತದೆ, ಅವಳಿಗೆ ಗೊತ್ತು. ಆದರೂ ಆ ಗಳಿಗೆಯಲ್ಲಿ ಅವಳಿಗೆ ನಾನೇ ಮಾಡಿದ್ನಾ ಅಂತ ಅನ್ನಿಸಿತಂತೆ. ಬುದ್ಧನ ಪಟದ ಕೆಳಗೆ ಅಷ್ಟು ವರ್ಷ ಮಲಗಿ ಎದ್ದವಳು.

ಬಿಚ್ಚಿ ಒಳಗಿಡೋಣ ಅಂತ ಕೈ ಎತ್ತುವಷ್ಟರಲ್ಲಿ ಬೇಲಿಯಾಚೆ ಜನ. ಮುಂದೆ ಅನುಷಾಳ ಅಪ್ಪ ದೇವರಾಜ, ಅವನ ಚಿಕ್ಕಪ್ಪ ಸಣ್ಣಬೀರಪ್ಪ, ಹಿಂದೆ ಇನ್ನೂ ಏಳೆಂಟು ಗಂಡಸರು. ಯಾರೂ ಬೇಲಿ ದಾಟಲಿಲ್ಲ. ದೇವರಾಜನ ಕಣ್ಣು ಗಿಡದ ಮೇಲಿತ್ತು. ಅವನೂ ಹೆದರಿದ್ದ, ಜವರಮ್ಮ ಅದನ್ನು ಕಂಡಳು.

"ಏನ್ ಜವರಿ ಇದು?"

"ಮಕ್ಕಳ ಆಟ ಕಣಪ್ಪ. ಕಾನ್ವೆಂಟಲ್ಲಿ ಕ್ರಿಸ್‌ಮಸ್ಸಿಗೆ ಮಾಡ್ತಾರೆ. ನೆನಪಿಗಿರ್ಲಿ ಅಂತ."

"ಕ್ರಿಸ್‌ಮಸ್ಸಿಗೆ ಅರಿಶಿನ ಕುಂಕುಮ ಯಾಕೆ? ನಿಂಬೆ ಗಿಡ ಯಾಕೆ? ಅಮಾಸೆನೇ ಬೇಕಾಯ್ತಾ ನಿಂಗೆ?"

ಅವಳ ಹತ್ತಿರ ಉತ್ತರ ಇತ್ತು. ನಿಮಗೆ ಹೆದರಿ ಹಿಂಗೆ ಮಾಡಿದೆ ಅನ್ನುವುದೇ ಆ ಉತ್ತರ. ಅದನ್ನು ಅವರ ಮುಂದೆ ಹೇಳುವುದು ಹೇಗೆ? ಸುಮ್ಮನೆ ನಿಂತದ್ದು ಒಪ್ಪಿಕೊಂಡ ಹಾಗಾಯಿತು. ಸಣ್ಣಬೀರಪ್ಪ ಗಿಡ ಕಡಿಯಲು ಮಚ್ಚು ಎತ್ತಿದ. ಗಿಡ ಕಡಿದರೆ ಅದರ ಮೇಲಿನ ಕೈಗಳು ಬೀಳುತ್ತವೆ, ಬಿದ್ದರೆ ಒಡೆಯುತ್ತವೆ, ಒಡೆದರೆ ಆ ಮಕ್ಕಳಿಗೆ ಏನಾದರೂ ಆದರೆ ಅಂತ ಹಿಂದಿದ್ದವನೊಬ್ಬ ತಡೆದ. ಯಾರೂ ಏನನ್ನೂ ಮುಟ್ಟಲಿಲ್ಲ. ಶಾಸ್ತ್ರ ಹೇಳುವ ಈರಭದ್ರಪ್ಪನ ಮನೆ ಕಡೆಗೆ ಎಲ್ಲರೂ ಹೊರಟರು. ಹೊರಡುವಾಗ ದೇವರಾಜ ತಿರುಗಿ, ಮಗೂಗೆ ಏನಾದ್ರೂ ಆದ್ರೆ ನಿಮ್ಮ ಕಾಲೊನಿ ಇರಲ್ಲ ಅಂದ. ಕೂಗಲಿಲ್ಲ. ಮೆಲ್ಲಗೇ ಅಂದ.

ಮಧ್ಯಾಹ್ನದ ಹೊತ್ತಿಗೆ ಈರಭದ್ರಪ್ಪನ ತೀರ್ಪು ಕಾಲೊನಿಗೂ ಬಂತು. ಕವಡೆ ಹಾಕಿ ನೋಡಿದನಂತೆ. ಕೈಗೆ ಕಟ್ಟು ಬಿದ್ದಿದೆ. ನಾಳೆ ಬೆಳಿಗ್ಗೆ ಬಿಚ್ಚುವ ಶಾಸ್ತ್ರ ಮಾಡಬೇಕು. ಅಲ್ಲಿಯವರೆಗೆ ಮಗು ಊರ ಗಡಿ ದಾಟಬಾರದು, ದಾಟಿದರೆ ಉಳಿಯುವುದಿಲ್ಲ. ಆಸ್ಪತ್ರೆಗೆ ಅಂತ ತೆಗೆದಿಟ್ಟಿದ್ದ ಬೈಕನ್ನು ದೇವರಾಜ ಒಳಗೆ ನಿಲ್ಲಿಸಿದ.

ಅದೇ ಹೊತ್ತಿನಲ್ಲಿ ಪ್ರತಿಮಾ ಕೊಡ ಹಿಡಿದುಕೊಂಡು ನಲ್ಲಿ ಹತ್ತಿರ ಬಂದು, ಶಿವಪ್ರಸಾದನ ಹೆಂಡತಿಯ ಕಿವಿಯಲ್ಲಿ ಒಂದೇ ಮಾತು ಹೇಳಿ ಹೋಗಿದ್ದಳು. ಕೈ ಮೊಣಕೈ ತನಕ ಊದಿದೆ, ಒಂದು ಕೆಂಪು ಗೆರೆ ಮೇಲಕ್ಕೆ ಹತ್ತುತ್ತಿದೆ.

ಆ ಗೆರೆ ಜವರಮ್ಮನಿಗೆ ಗೊತ್ತು. ಚಿಕ್ಕಮಗಳೂರಿಗೆ ಜಾಥಾ ಹೋದಾಗ ಗಿರಿಯಪ್ಪನ ಅಂಗಾಲಿಗೆ ಮೊಳೆ ಹೊಕ್ಕಿತ್ತು. ಹಿಮ್ಮಡಿಯಿಂದ ಹೊರಟ ಕೆಂಪು ಗೆರೆ ತೊಡೆ ಮುಟ್ಟುವ ಹೊತ್ತಿಗೆ ಅವನಿಗೆ ಮೈಮೇಲೆ ಎಚ್ಚರ ಇರಲಿಲ್ಲ. ಇನ್ನೊಂದು ರಾತ್ರಿ ಮನೇಲಿಟ್ಟಿದ್ರೆ ಹೆಣ ತಗೊಂಡು ಹೋಗ್ತಿದ್ರಿ ಅಂತ ಡಾಕ್ಟರು ಬೈದಿದ್ದರು. ಗಿರಿಯಪ್ಪ ಎಮ್ಮೆಯಂಥ ಗಂಡಸು. ಇದು ಐದು ವರ್ಷದ ಕೂಸು. ನಾಳೆ ಬೆಳಿಗ್ಗೆ ಅಂದರೆ ಮುಗಿಯಿತು.

ಶಿವಪ್ರಸಾದ್ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಹತ್ತು ಅತ್ತೆ, ಕಡೂರಲ್ಲಿ ಸಂಘಮಿತ್ರಾ ಮನೆಗೆ ಬಿಟ್ಬತ್ತೀನಿ, ತಣ್ಣಗಾಗೋವರ್ಗೂ ಇತ್ತ ತಲೆ ಹಾಕ್ಬೇಡ ಅಂದ. ಸಂಘಮಿತ್ರಾ ಅವನ ಅಕ್ಕ. ಜವರಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ಆಟೋ ಹತ್ತಿದಳು. ಇದನ್ನೂ ಹೇಳಬೇಕು, ಅವಳು ಹತ್ತಿದಳು. ಓಡಿಹೋಗಲು ಹೊರಟವಳೇ ಅವಳು. ಆಟೋ ಕಾಲೊನಿ ದಾಟಿ ಕವಲು ದಾರಿಗೆ ಬಂತು. ಎಡಕ್ಕೆ ತಿರುಗಿದರೆ ಟಾರು ರಸ್ತೆ, ನೇರ ಹೋದರೆ ಮೇಲಿನ ಬೀದಿ.

"ನೇರ ಹೋಗು."

"ಅತ್ತೆ, ತಲೆ ನೆಟ್ಟಗೈತಾ? ಸಿಗ್ದಾಕ್ಬಿಡ್ತಾರೆ."

"ನೇರ ಹೋಗೋ. ನನ್ನ ಎದೆ ಹೊಡ್ಕೊತೈತೆ, ಇನ್ನೊಂದ್ ಸಲ ಕೇಳಿದ್ರೆ ಎಡಕ್ಕೇ ಹೋಗು ಅಂತೀನಿ."

ಮನೆ ಮುಂದೆ ಜನ ತುಂಬಿದ್ದರು. ಆಟೋ ನಿಂತಾಗ ದಾರಿ ಬಿಟ್ಟರು, ಅವಳು ಇಳಿದಾಗ ಮತ್ತೆ ಮುಚ್ಚಿಕೊಂಡರು. ಜಗಲಿಯ ಮೇಲೆ ಮಗುವನ್ನು ಚಾಪೆಯಲ್ಲಿ ಮಲಗಿಸಿದ್ದರು. ಕೈ ಬಾಳೆಯ ದಿಂಡಿನ ಹಾಗೆ ಊದಿ ಮಿರುಗುತ್ತಿತ್ತು. ಗೆರೆ ಮೊಣಕೈ ದಾಟಿತ್ತು. ಪ್ರತಿಮಾ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕೆನ್ನೆಯ ಮೇಲೆ ಐದು ಬೆರಳು ಮೂಡಿದ್ದವು. ಮಗುವನ್ನು ಕಾಲೊನಿಗೆ ಬಿಡುತ್ತಿದ್ದದ್ದು ಹೊರಬಿದ್ದಿತ್ತು.

ಜವರಮ್ಮ ಅಂಗಳದಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿಂಬೆ ಮುಳ್ಳು ನೆಟ್ಟಿತ್ತು, ತುದಿ ಒಳಗೇ ಉಳಿದಿರಬೇಕು, ನಂಜಾಗಿದೆ, ಈ ಗೆರೆ ಎದೆಗೆ ಹೋದರೆ ಮಗು ದಕ್ಕುವುದಿಲ್ಲ, ಈಗಲೇ ತರೀಕೆರೆಗೆ ಕರೆದುಕೊಂಡು ಹೋಗಿ. ಕೈ ಮುಗಿದಳು. ಗಂಡನ ಕಾಲಿನ ಕತೆ ಹೇಳಿದಳು. ಮುಳ್ಳಿಗೆ ಇಷ್ಟು ಊದ್ತದಾ, ನಾವು ಮುಳ್ಳು ಕಾಣದೋರಾ ಅಂದ ಸಣ್ಣಬೀರಪ್ಪ. ಗಡಿ ದಾಟಿಸಿ ಮಗೂನ ಮುಗಿಸೋಕೆ ಬಂದವ್ಳೆ ಅಂದಿತು ಇನ್ನೊಂದು ದನಿ. ದೇವರಾಜ ಜಗಲಿಯಿಂದ ಇಳಿದು ಬಂದು ಕೈ ಎತ್ತಿದ.

ಅಂಜಿನಮ್ಮ ಮೊಮ್ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಅಲ್ಲಿಂದಲೇ ಮಾತಾಡಿದಳು. ಬೈಗುಳ ಇರಲಿಲ್ಲ ಅದರಲ್ಲಿ.

"ಮಾಡ್ದೋಳು ನೀನು. ನೀನೇ ತೆಗಿಯೇ ತಾಯಿ. ನಿನ್ ಕಾಲು ಹಿಡ್ಕೊಂತೀನಿ."

ಮೇಲಿನ ಬೀದಿಯ ಮುದುಕಿ ಕಾಲೊನಿಯ ಹೆಂಗಸಿಗೆ ಕಾಲು ಹಿಡ್ಕೊಂತೀನಿ ಅಂದದ್ದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಆ ಮಾತಿನಿಂದ ಜವರಮ್ಮನಿಗೆ ಒಂದು ಅರ್ಥವಾಯಿತು. ಇವರು ಮುಳ್ಳನ್ನು ನಂಬುವುದಿಲ್ಲ. ಈರಭದ್ರಪ್ಪನನ್ನು ನಂಬುತ್ತಾರೆ. ಅವನಿಗಿಂತ ಹೆಚ್ಚಾಗಿ ನಂಬುವುದು ಮಾಟ ಮಾಡಿದವಳನ್ನು.

"ಹೂಂ," ಅಂದಳು. "ನಾನೇ ಮಾಡ್ದೆ."

ಎತ್ತಿದ ದೇವರಾಜನ ಕೈ ಎತ್ತಿದಲ್ಲೇ ನಿಂತಿತು. ಹತ್ತಿರ ಇದ್ದವರು ಹಿಂದಕ್ಕೆ ಸರಿದರು. ಅಲ್ಲಿಯವರೆಗೆ ಯಾರು ಬೇಕಾದರೂ ಹೊಡೆಯಬಹುದಾಗಿದ್ದ ಮುದುಕಿಯನ್ನು ಈಗ ಯಾರೂ ಮುಟ್ಟುವಂತಿರಲಿಲ್ಲ. ಅವಳು ಮಾತ್ರ ಆಟೋ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಈರಭದ್ರಪ್ಪ ಕಟ್ಟಿಲ್ಲ, ಅವನಿಗೆ ಬಿಚ್ಚೋದು ಗೊತ್ತಿಲ್ಲ," ಅಂತ ಮುಂದುವರಿಸಿದಳು. ದನಿ ಅವಳದೇ ಅಲ್ಲ ಅನ್ನುವ ಹಾಗಿತ್ತಂತೆ. "ಸೂರ್ಯ ಇಳಿಯೋದ್ರೊಳಗೆ ಕೂಸು ಗಡಿ ದಾಟ್ಬೇಕು. ಕೆಮ್ಮಣ್ಣುಗುಂಡಿ ಬೆಟ್ಟದ ಕಡೆ ಮುಖ ಮಾಡ್ಕೊಂಡು ತರೀಕೆರೆ ಮುಟ್ಬೇಕು. ಅಲ್ಲಿ ಬಿಳೀ ಕೋಟಿನೋರು ಆ ಕೈಗೆ ಕಬ್ಬಿಣ ತಾಕಿಸ್ಬೇಕು. ಒಳಗಿರೋದು ಈಚೆ ಬತ್ತದೆ. ಕತ್ತಲಾದ್ರೆ ನನ್ ಕೈಲೂ ಆಗಲ್ಲ."

ಶಿವಪ್ರಸಾದ್ ಸ್ಟೇರಿಂಗ್ ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದ. ಅವನಿಗೂ ಒಂದು ಕ್ಷಣ ಅನುಮಾನ ಬಂತಂತೆ.

ಇವಳೂ ಬರಲಿ ಅಂದಳು ಅಂಜಿನಮ್ಮ. ಮಗುವಿಗೆ ಏನಾದರೂ ಆದರೆ ಇವಳನ್ನ ಅಲ್ಲೇ ಅಂತ ಶುರು ಮಾಡಿ ಮುಗಿಸಲಿಲ್ಲ.

ಲಗೇಜ್ ಆಟೋದ ಹಿಂದುಗಡೆ ಚಾಪೆ ಹಾಸಿ ಪ್ರತಿಮಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಎದುರಿಗೆ ದೇವರಾಜ, ಸಣ್ಣಬೀರಪ್ಪ, ನಡುವೆ ಜವರಮ್ಮ. ಸಣ್ಣಬೀರಪ್ಪನ ಮಚ್ಚು ಅವನ ಕಾಲಿನ ಕೆಳಗಿತ್ತು. ಗುಂಡಿ ಬಂದಾಗಲೆಲ್ಲ ಮಗು ನರಳುತ್ತಿತ್ತು, ನರಳಿದಾಗಲೆಲ್ಲ ಗಂಡಸರಿಬ್ಬರೂ ಜವರಮ್ಮನ ಬಾಯಿ ನೋಡುತ್ತಿದ್ದರು. ಮಂತ್ರ ಹೇಳುತ್ತಿರಬೇಕಲ್ಲ ಅವಳು. ಒಂದು ಮಂತ್ರವೂ ಗೊತ್ತಿಲ್ಲ. ಕಾನ್ವೆಂಟಿನಲ್ಲಿ ಬೆಳಗ್ಗೆ ಬೆಳಗ್ಗೆ ಟೀಚರು ಕೂಗುತ್ತಿದ್ದ ಹಾಜರಿಯ ಹೆಸರುಗಳನ್ನು ತುಟಿಯಲ್ಲೇ ಹೇಳುತ್ತಾ ಹೋದಳು. ಮುಗಿದರೆ ಮತ್ತೆ ಮೊದಲಿಂದ. ಅಮೃತಾಪುರದ ಕಡೆಯ ಬಸ್ಸೊಂದು ಅಡ್ಡ ಬಂದು ನಿಂತಾಗ ಮಗುವಿನ ಉಸಿರಾಟ ಕೇಳಿಸದೆ ಅವಳು ಹೆಸರು ಮರೆತಳು. ಯಾಕೆ ನಿಲ್ಲಿಸ್ದೆ ಅಂತ ದೇವರಾಜ ಅರಚಿದ. ಪ್ರತಿಮಾ ಮಗುವಿನ ಮೂಗಿನ ಹತ್ತಿರ ಕೈ ಹಿಡಿದು, ಐತೆ, ಉಸಿರೈತೆ ಅಂದಳು. ಜವರಮ್ಮ ಮತ್ತೆ ತುಟಿ ಆಡಿಸಿದಳು.

ತರೀಕೆರೆ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೈ ನೋಡಿದವಳೇ ಯಾರನ್ನೂ ಏನೂ ಕೇಳದೆ ಮಗುವನ್ನು ಒಳಗೆ ತೆಗೆದುಕೊಂಡಳು. ಹೊರಗೆ ಬೆಂಚಿನ ಮೇಲೆ ಜವರಮ್ಮನನ್ನು ನಡುವೆ ಕೂರಿಸಿಕೊಂಡು ಗಂಡಸರಿಬ್ಬರೂ ಕಾದರು. ಒಂದಕ್ಕೆ ಹೋಗಬೇಕು ಅಂದರೂ ಬಿಡಲಿಲ್ಲ. ಕೊನೆಗೆ ನರ್ಸು ಈಚೆ ಬಂದು, ಕೀವೆಲ್ಲ ತೆಗೆದಿದ್ದೇವೆ, ಡ್ರಿಪ್ ಹಾಕಿದ್ದೇವೆ, ಈಗಲಾದರೂ ತಂದಿರಲ್ಲ ಅಂದಳು. ಹತ್ತಿಯ ಮೇಲೆ ಇಟ್ಟುಕೊಂಡು ತೋರಿಸಿದಳು. ಕಪ್ಪಗೆ, ಅಕ್ಕಿಕಾಳಿನ ಮೂತಿಯಷ್ಟು ಮುಳ್ಳಿನ ತುದಿ.

ಜವರಮ್ಮ ಬೆಂಚಿನಿಂದ ಎದ್ದಳು. ನೋಡಪ್ಪ ದೇವರಾಜ, ಮುಳ್ಳು ಕಣಪ್ಪ ಅಂದಳು.

ದೇವರಾಜ ಬಗ್ಗಿ ನೋಡಿದ. ಕಣ್ಣಲ್ಲಿ ನೀರು ಬಂತು. ಎದ್ದು ಗೋಡೆಗೆ ಒರಗಿ ನಿಂತು, ಮಾಡಿಟ್ಟಿದ್ದು ಈಚೆ ಬಂತು ಅಂದ. ಹೌದೌದು ಅಂತ ಸಣ್ಣಬೀರಪ್ಪ ತಲೆಯಾಡಿಸಿದ. ಮಾಟಗಾರರು ಮುಳ್ಳು, ಮೊಳೆ, ಕೂದಲು ಮೈಯೊಳಗೆ ಕಳಿಸುವುದು ಎಲ್ಲರಿಗೂ ಗೊತ್ತಿರುವುದೇ. ಸಾಕ್ಷಿ ಹತ್ತಿಯ ಮೇಲೆ ಬಿದ್ದಿತ್ತು.

ಮಗು ಉಳಿಯಿತು, ಕೈಯೂ ಉಳಿಯಿತು. ಯಾರೂ ಜವರಮ್ಮನ ಮೇಲೆ ಕೈ ಮಾಡಲಿಲ್ಲ, ಕಾಲೊನಿಗೂ ಬರಲಿಲ್ಲ. ನಮ್ಮ ಸಂಘದವರು ಕಡೂರಿನ ಸಭೆಗೆ ಕರೆಸಿ ಅವಳನ್ನು ತರಾಟೆಗೆ ತೆಗೆದುಕೊಂಡರು. ಇಷ್ಟು ವರ್ಷದ ಹೋರಾಟವನ್ನು ಒಂದು ಮಾತಿನಲ್ಲಿ ಕೆರೆಗೆ ಹಾಕಿದೆ, ಗಿರಿಯಪ್ಪನ ಹೆಂಡತಿ ಬಾಯಲ್ಲಿ ಬರುವ ಮಾತಾ ಅದು ಅಂತ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಯಲ್ಲಿ ಒಂದೇ ಕೇಳಿದಳು. ನೀವು ಬಂದು ಭಾಷಣ ಮಾಡಿದ್ದಿದ್ರೆ ಎಷ್ಟೊತ್ತಿಗೆ ಆಟೋ ಹತ್ತಿಸ್ತಿದ್ರಿ? ಚಹಾ ಬಂತು, ಕುಡಿದರು.

ಊರಿನಲ್ಲಿ ಅವಳ ಬಾಳು ಬೇರೆಯಾಯಿತು. ಮಕ್ಕಳು ಅಂಗಳಕ್ಕೆ ಬರುವುದು ನಿಂತಿತು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ. ಮೇಲಿನ ಬೀದಿಯ ಒಬ್ಬ ಗೃಹಸ್ಥ ತನ್ನ ಅಣ್ಣನ ತಲೆಗೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು, ಬದುವಿನ ಜಗಳ ಹೇಳಿ, ಏನಾದ್ರೂ ಮಾಡ್ಕೊಡವ್ವ ಅಂದ. ಜವರಮ್ಮ ಬಾಗಿಲು ಹಾಕಿಕೊಂಡು ಒಳಗೆ ಕೂತಳು. ಆ ಅಣ್ಣ ನಾಳೆ ಎಲ್ಲಾದರೂ ಜಾರಿ ಬಿದ್ದರೂ ತನ್ನ ತಲೆಗೇ. ಊರಲ್ಲಿ ಯಾವ ಮಗು ಕೆಮ್ಮಿದರೂ ಅವಳಿಗೆ ಮೊದಲು ಕೇಳಿಸುತ್ತದೆ.

ಎಲ್ಲಕ್ಕಿಂತ ಕಷ್ಟ ಆ ಕೈಗಳದು. ಸುಡುವಂತಿಲ್ಲ, ಒಡೆಯುವಂತಿಲ್ಲ, ನೀರಿಗೆ ಬಿಡುವಂತಿಲ್ಲ. ತಾಯಂದಿರು ಮನೆಗೆ ಒಯ್ಯುವುದೂ ಇಲ್ಲ, ಹೆದರಿಕೆ. ಕಾಲೊನಿಯ ಹೆಂಗಸರೇ, ಅವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವರೇ, ಬೇಲಿಯಾಚೆ ನಿಂತು ನಮ್ ಹುಡುಗಂದು ನೆಟ್ಟಗೈತಾ ಅಂತ ಕೇಳಿ ಹೋಗುತ್ತಾರೆ. ಹೇಮಂತನಿಗೆ ಹೊಟ್ಟೆ ಕೆಟ್ಟ ದಿನ ಅವನ ತಾಯಿ ಮೂರು ಸಲ ಬಂದಳು. ಜವರಮ್ಮ ಎಲ್ಲವನ್ನೂ ಹಳೆ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ಇರುವೆ ಬಾರದ ಹಾಗೆ ಸುತ್ತ ಪುಡಿ ಹಾಕಿದ್ದಾಳೆ. ದಿನಾ ಬೆಳಿಗ್ಗೆ ಬಿಚ್ಚಿ ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡುತ್ತಾಳೆ. ನಂಬಿಕೆ ಇಲ್ಲವಲ್ಲ, ಮತ್ತೇಕೆ ನೋಡ್ತೀಯ ಅಂದರೆ, ಉಪ್ಪಿನ ಹಿಟ್ಟು ಕಣ್ರೀ, ಮಳೆಗಾಲ ಬಂದ್ರೆ ನೀರು ಕುಡಿತೈತೆ ಅಂತಾಳೆ. ಹೇಳುವಾಗ ಕಣ್ಣು ಟ್ರಂಕಿನ ಮೇಲೇ ಇರುತ್ತದೆ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರತಿಮಾ ಬಂದಳು. ಅನುಷಾ ಜೊತೆಯಲ್ಲಿದ್ದಳು. ಹೆಬ್ಬೆರಳಿನ ಬುಡದಲ್ಲಿ ಗಾಯ ಮಾಗಿ ಗುಲಾಬಿ ಕಲೆಯಾಗಿತ್ತು, ಬೆರಳು ಚೆನ್ನಾಗಿ ಮಡಿಸುತ್ತಿತ್ತು. ಮಗು ಅಂಗಳಕ್ಕೆ ನುಗ್ಗಲು ಹೋಯಿತು, ತಾಯಿ ಹಿಡಿದು ಎಳೆದಳು. ಸುತ್ತ ಯಾರೂ ಇರಲಿಲ್ಲ. ಜವರಮ್ಮ ಇದಕ್ಕೇ ಕಾದಿದ್ದವಳಂತೆ ಎದ್ದು ಬೇಲಿ ಹತ್ತಿರ ಬಂದಳು.

"ಪ್ರತಿಮವ್ವ, ನಿಂಗಾದ್ರೂ ಹೇಳ್ತೀನಿ. ನಾನೇನೂ ಮಾಡಿರ್ಲಿಲ್ಲ. ಮುಳ್ಳು ಅಷ್ಟೇ. ಆಟೋ ಹತ್ತಿಸೋಕೆ ಸುಳ್ಳು ಹೇಳ್ದೆ."

ಪ್ರತಿಮಾ ನೆಲ ನೋಡುತ್ತಾ ಮೆಲ್ಲಗೆ ಅಂದಳು.

"ಹಂಗನ್ಬೇಡ ಜವರಮ್ಮ. ನೀನು ಮಾಡಿದ್ರೆ ನೀನೇ ತೆಗ್ದೆ, ಮುಗೀತು. ನೀನು ಮಾಡಿಲ್ಲ ಅಂದ್ರೆ ಇನ್ಯಾರು ಮಾಡಿದ್ರು? ಅವ್ರು ಇನ್ನೂ ಊರಲ್ಲೇ ಅವ್ರೆ ಅಲ್ವಾ? ನಾನು ಹೆಂಗ್ ಮಲಗ್ಲಿ?"

ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇಡೀ ಮೈ ಉತ್ತರಕ್ಕೆ ಕಾಯುತ್ತಿತ್ತು. ಜವರಮ್ಮ ಬಾಯಿ ತೆರೆದಳು, ಮುಳ್ಳಿನ ಮಾತು ನಾಲಗೆಯ ತುದಿಗೆ ಬಂತು, ನುಂಗಿದಳು.

"ಆಯ್ತು ಕಣವ್ವ. ನಾನೇ ಮಾಡಿದ್ದು. ತೆಗ್ದಾಗೈತೆ. ಹೋಗಿ ಮಲಕ್ಕೋ."

ಪ್ರತಿಮಾಳ ಭುಜ ಇಳಿಯಿತು. ಮಗಳ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಬೇಲಿಗೆ ತಾಕದ ಹಾಗೆ ದೂರ ಸರಿದು, ಮೇಲಿನ ಬೀದಿ ಕಡೆಗೆ ಬೇಗ ಬೇಗ ನಡೆದಳು.